ಮಳೆಗುಂಡಿಯ ಗೊಂಚಲು

ಮೋಡ ಕವಿದರೆ ಸಾಕು, ನನ್ನ ಅತ್ತೆ ಗೆನೊವೆಫಾ ನೆಲಮಾಳಿಗೆಗೆ ಇಳಿಯುತ್ತಿದ್ದರು. ಸೌತೆ ಉಪ್ಪಿನಕಾಯಿ, ಪ್ಲಮ್ ಮುರಬ್ಬ, ಬೀಟ್‌ರೂಟ್, ಹೀಗೆ ಚಳಿಗಾಲಕ್ಕೆಂದು ತುಂಬಿಟ್ಟ ಗಾಜಿನ ಜಾಡಿಗಳನ್ನು ಎದೆಗೊತ್ತಿಕೊಂಡು ಅಡುಗೆಮನೆಗೆ ತರುತ್ತಿದ್ದರು. ಓದ್ರಾ ನದಿ ನಮ್ಮ ವ್ರೊತ್ಸ್ವಾಫ್ ನಗರದ ಬೀದಿಗಳಿಗೆ ನುಗ್ಗಿದ ವರ್ಷ ಅವರ ಜಾಡಿಗಳೆಲ್ಲ ಕೆಸರಿನಲ್ಲಿ ಹೂತುಹೋಗಿದ್ದವು. ಈಗ ಬರುವುದು ನದಿಯಲ್ಲ. ಚಾವಣಿಯ ಕೊಳವೆ ಗೋಡೆಯ ಬುಡಕ್ಕೇ ಸುರಿಯುವ ನೀರು ಒಳಗೆ ಜಿನುಗುತ್ತದೆ, ಅಷ್ಟೆ. ಆದರೆ ಅವರ ಭಯಕ್ಕೆ ಎರಡೂ ಒಂದೇ. ಮೆಟ್ಟಿಲು ಕಡಿದಾಗಿತ್ತು, ಅವರ ಮಂಡಿ ಸವೆದಿತ್ತು. ಎಂದಾದರೂ ಬಿದ್ದೇ ಬೀಳುತ್ತಾರೆಂದು ನಾನು ಅವರ ಬೆನ್ನ ಹಿಂದೆ, ಅವರಿಗೆ ತಿಳಿಯದಂತೆ, ಕೈ ಚಾಚಿ ನಿಲ್ಲುತ್ತಿದ್ದೆ.

ಅದಕ್ಕೇ ಈ ಬೇಸಿಗೆಯಲ್ಲಿ ಗೋಡೆಯಿಂದ ದೂರ, ಹುಲ್ಲಿನ ನಡುವೆ ತಟ್ಟೆಯಂಥ ಗುಂಡಿ ತೋಡಿದೆ. ನೀರು ಬೇಗ ಇಂಗಲೆಂದು ಮಣ್ಣಿಗೆ ಮರಳು, ಗೊಬ್ಬರ ಬೆರೆಸಿದೆ. ಕೊಳವೆಯ ಬಾಯಿಂದ ಅಲ್ಲಿಯವರೆಗೆ ಕಲ್ಲುಹಾಸಿನ ಕಾಲುವೆ ಮಾಡಿದೆ. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

"ಆ ನೆರೆ ವರ್ಷ ನೀರು ಓಡಿಸೋಕೆ ಇಡೀ ಬೀದಿನೇ ಮರಳಿನ ಚೀಲ ಹೊತ್ತಿತ್ತು, ಯಾಗೊದಾ. ನೀನು ಗುಂಡಿ ತೋಡಿ ಕರೀತಿದೀಯ."

"ಕರೆದು, ಕೂರಿಸಿ, ಕಳಿಸ್ತೀನಿ ಅತ್ತೆ. ಮಾರನೇ ದಿನಕ್ಕೆ ಇಂಗಿ ಹೋಗಿರುತ್ತೆ."

"ನೆಂಟರು ಯಾರು ಹೇಳಿದ ದಿನಕ್ಕೆ ಹೊರಟಿದ್ದಾರೆ?"

ಐರಿಸ್, ಪುದೀನ, ಒದ್ದೆ ನೆಲದಲ್ಲಿ ನೇರಳೆ ಹೂ ಬಿಡುವ ಗಿಡಗಳನ್ನು ನೆಟ್ಟೆ. ಬೇರು ಹಿಡಿದಾವೇ ಎಂದು ದಿನವೂ ಬಗ್ಗಿ ನೋಡುತ್ತಿದ್ದೆ.

ಆಗಸ್ಟಿನಲ್ಲಿ, ಮೇರಿಮಾತೆಯ ಹಬ್ಬದ ಹಿಂದಿನ ಸಂಜೆ ಕೆಲಸದಿಂದ ಬಂದರೆ ಗುಂಡಿ ಬೋಳಾಗಿತ್ತು. ಮೋಟು ಕಾಂಡಗಳಷ್ಟೇ ಉಳಿದಿದ್ದವು. ಅಡುಗೆಮನೆಯಲ್ಲಿ ಅತ್ತೆ ನನ್ನ ಗಿಡಗಳಿಗೆ ಕೆಂಪು ರಿಬ್ಬನ್ ಸುತ್ತುತ್ತಿದ್ದರು. ಪ್ರತಿ ವರ್ಷ ಹಬ್ಬಕ್ಕೆ ಪಾದ್ರಿಯ ಆಶೀರ್ವಾದಕ್ಕೆಂದು ಇಗರ್ಜಿಗೆ ಒಯ್ಯುವ ಗೊಂಚಲಿನ ಹೂವು ಸಂತೆಯಿಂದ ಬರುತ್ತಿತ್ತು.

"ಅತ್ತೆ, ಅವು ಎಳೇ ಗಿಡ," ಎಂದೆ. "ಸಂತೇಲಿ ಹೂವಿರಲಿಲ್ವಾ?"

"ಇತ್ತು." ಅವರು ತಲೆಯೆತ್ತಲಿಲ್ಲ. "ಸಂತೆ ಹೂವಿಗೆ ಪಾದ್ರಿ ಪವಿತ್ರ ಜಲ ಚಿಮುಕಿಸಿದ್ರೆ ಈ ಗುಂಡಿಗೇನು ಬಂತು? ಮನೆ ಪಕ್ಕ ನೀರು ಕೂರಿಸ್ತೀಯ. ಅದಕ್ಕೂ ಯಾರಾದ್ರೂ ಒಂದು ಮಾತು ಹೇಳ್ಬೇಕಲ್ಲ."

ನಾನು ರಿಬ್ಬನ್ನಿನ ಇನ್ನೊಂದು ತುದಿ ಹಿಡಿದುಕೊಂಡೆ. ಅವರು ಗಂಟು ಹಾಕಿದರು.

ಮರುದಿನ ಇಗರ್ಜಿಯಿಂದ ಬಂದು ಗೊಂಚಲನ್ನು ನೆಲಮಾಳಿಗೆಯ ಬಾಗಿಲ ಮೊಳೆಗೆ ತೂಗುಹಾಕಿದರು. ಮಧ್ಯಾಹ್ನ ಗುಡುಗು ಮಳೆ. ಅತ್ತೆ ಅಭ್ಯಾಸದಂತೆ ಎದ್ದರು, ನಾನೂ ಎದ್ದೆ. ಬಾಗಿಲ ಬಳಿ ಗೊಂಚಲು ಅವರ ಹಣೆಗೆ ತಾಗಿತು. ನಿಂತರು.

"ಮೊದಲು ನಿನ್ನ ನೆಂಟರನ್ನ ನೋಡೋಣ."

ಒಂದೇ ಕೊಡೆಯಡಿ ಅಂಗಳದಲ್ಲಿ ನಿಂತೆವು. ಕಲ್ಲುಗಳ ಮೇಲೆ ಹರಿದ ನೀರು ಗುಂಡಿಯಲ್ಲಿ ಏರುತ್ತಾ ಅಂಚಿನವರೆಗೆ ಬಂತು. ಅತ್ತೆಯ ಬೆರಳುಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದವು. ಮಳೆ ಸಣ್ಣದಾಯಿತು. ನೀರು ಅಲ್ಲೇ ನಿಂತಿತು. ಗೋಡೆಯ ಬುಡದಲ್ಲಿ ನೀರು ನಿಂತಿರಲಿಲ್ಲ.

ಬೆಳಿಗ್ಗೆ ಗುಂಡಿಯಲ್ಲಿ ತೇವ ಮಾತ್ರ ಇತ್ತು. ಅತ್ತೆ ನೆಲಮಾಳಿಗೆಗೆ ಇಳಿದರು. ನಾನು ಮೇಲಿನ ಮೆಟ್ಟಿಲಲ್ಲಿ ಕೈ ಚಾಚಿ ಕಾದೆ. ಒಂದೇ ಒಂದು ಜಾಡಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ನಿಧಾನವಾಗಿ ಮೇಲೆ ಬಂದರು.

"ಊಟಕ್ಕೆ," ಎಂದು ಚಾಚಿದ ನನ್ನ ಕೈಗೇ ಅದನ್ನಿಟ್ಟರು. "ಮುಂದಿನ ವರ್ಷ ಪುದೀನ ಜಾಸ್ತಿ ಹಾಕು. ಗೊಂಚಲು ತೆಳ್ಳಗಾಯ್ತು."