ಹಿಂದೋ ಮುಂದೋ

ಹಸಿರು ಬಾಣದ ಮೊನೆಯನ್ನು ಗಡ್ಡೆಯ ಅಂಚಿಗೆ ತಂದು ಓರೆ ಸರಿಪಡಿಸುತ್ತಿದ್ದಾಗ, ಪರದೆಯ ಮೇಲಿನ ಚಿತ್ರ ಇದ್ದಕ್ಕಿದ್ದಂತೆ ಇನ್ನೊಂದು ಕಡೆಗೆ ತಿರುಗತೊಡಗಿದಂತೆ ಅವಳಿಗೆ ಕಂಡಿತು.

ಅದು ಬಟ್ಟೆ ಹೊಲಿಯುವ ಹೆಂಗಸೊಬ್ಬಳ ತಲೆಯ ಚಿತ್ರ. ಮೂಳೆ, ಮಾಂಸ ಎಲ್ಲ ಅಳಿಸಿ ಗಡ್ಡೆ ಮತ್ತು ರಕ್ತನಾಳಗಳನ್ನಷ್ಟೇ ಉಳಿಸಿದ್ದಳು. ಬಿಳಿ ಬೇರಿನ ಗೊಂಚಲಿನಂತೆ ಅದು ಮೆಲ್ಲಗೆ ಸುತ್ತುತ್ತಿತ್ತು. ಗಡ್ಡೆಯ ಚೂರು ತೆಗೆಯುವ ಸೂಜಿ ಯಾವ ದಿಕ್ಕಿನಿಂದ ಹೋಗಬೇಕೆಂದು ಬಾಣ ಎಳೆದುಕೊಡುವುದು ಅವಳ ಕೆಲಸ. ಹನ್ನೊಂದಕ್ಕೆ ಡಾಕ್ಟರಮ್ಮ ಅದೇ ಬಾಣವನ್ನು ನಂಬಿ ಸೂಜಿ ಹಾಕುತ್ತಾರೆ. ಆಗಲೇ ಹತ್ತು ದಾಟಿತ್ತು.

ದಪ್ಪ ನಾಳವೊಂದು ಗಡ್ಡೆಯ ಹಿಂದಿದೆಯೆಂದು ಮುಂದಿನಿಂದ ಬಾಣ ಎಳೆದಿದ್ದಳು. ಕಣ್ಣು ಮಿಟುಕಿಸಿದಳು. ಸುತ್ತುವ ದಿಕ್ಕು ಬದಲಾಗಿ ನಾಳ ಮುಂದೆ ಬಂತು. ಮತ್ತೆ ಮಿಟುಕಿಸಿದಳು. ಹಿಂದೆ ಹೋಯಿತು.

"ರೀ, ಸ್ವಲ್ಪ ಬನ್ನಿ. ಇದು ಯಾವ ಕಡೆ ಸುತ್ತುತ್ತಿದೆ?"

ಪಕ್ಕದ ಮೇಜಿನ ಸೋಡಾಬುಡ್ಡಿ ಕುರ್ಚಿ ಸಮೇತ ಉರುಳಿಕೊಂಡು ಬಂದ. ದಪ್ಪ ಕನ್ನಡಕ ತಂದುಕೊಟ್ಟ ಹೆಸರು. ಅವನೂ ಅದಕ್ಕೆ ಓಗೊಡುತ್ತಿದ್ದ. "ಎಡಕ್ಕೆ."

"ನಂಗೆ ಬಲಕ್ಕೆ ಕಾಣ್ತಿದೆ."

"ಸರಿಹೋಯ್ತು. ಮನೇಲಿ ಹೆಂಡ್ತಿ, ಇಲ್ಲಿ ನೀವು. ನಾನು ಎಡ ಅಂದ್ರೆ ಸಾಕು, ಬಲ ಅಂತೀರ."

"ತಮಾಷೆ ಬೇಡ. ಸರಿಯಾಗಿ ನೋಡಿ."

ಅವನು ಬಗ್ಗಿ ನೋಡಿದ. ನಗು ಇಳಿಯಿತು. "ಅಯ್ಯೋ, ಈಗ ಬಲಕ್ಕೆ ತಿರುಗ್ತಿದೆಯಲ್ರೀ!"

ಚಿತ್ರ ಬದಲಾಗಿರಲಿಲ್ಲ; ನೆರಳಿಲ್ಲದ ಆ ಬಿಳಿ ಗೊಂಚಲಿನಲ್ಲಿ ಹಿಂದಿನದನ್ನೂ ಮುಂದಿನದನ್ನೂ ಕಣ್ಣೇ ಅದಲುಬದಲು ಮಾಡುತ್ತಿತ್ತು. ತಲೆಯನ್ನು ಪದರ ಪದರವಾಗಿ ತೋರಿಸುವ ಕಪ್ಪುಬಿಳುಪು ಚಿತ್ರಗಳನ್ನು ತೆರೆದಳು. ಮೊದಲೆಲ್ಲ ಪ್ರತಿ ಸಲ ನೋಡುತ್ತಿದ್ದಳು. ಸುತ್ತುವ ಚಿತ್ರ ಕೈಯಲ್ಲಿ ಹಿಡಿದಷ್ಟು ನಿಚ್ಚಳವಾಗಿರುವಾಗ ಇವೇಕೆ ಎಂದು ಒಂದು ವರ್ಷದಿಂದ ಬಿಟ್ಟಿದ್ದಳು.

ನಾಳ ಗಡ್ಡೆಯ ಮುಂದಿತ್ತು. ಅವಳ ಬಾಣ ಅದರ ನಟ್ಟನಡುವೆ ಹಾದುಹೋಗಿತ್ತು.

ಬಾಣ ಅಳಿಸಿ ಪಕ್ಕದಿಂದ ಹೊಸದು ಎಳೆದು ಫೋನು ಎತ್ತಿಕೊಂಡಳು.

"ಈಗೇನಮ್ಮ ಬದಲಾಯಿಸ್ತಿದ್ದೀಯ?" ಡಾಕ್ಟರಮ್ಮ ಕೇಳಿದರು.

"ನಾಳ ಮುಂದಿದೆ ಡಾಕ್ಟ್ರೇ. ನಾನು ಹಿಂದೆ ಅಂದ್ಕೊಂಡಿದ್ದೆ. ಪದರಗಳನ್ನ ನೀವೂ ಒಂದ್ಸಲ ನೋಡ್ಬಿಡಿ."

ಆ ಕಡೆ ಮೌಸ್ ಟಿಕ್‌ಟಿಕ್ ಎಂದಿತು. "ನೋಡ್ದೆ. ನೀನು ಬದುಕಿಸ್ದೆ ಕಣಮ್ಮ."

ಆ ಮಾತಿಗೆ ಅವಳಿಗೆ ಇನ್ನೊಬ್ಬ ರೋಗಿಯ ನೆನಪಾಯಿತು. ಹೋದ ತಿಂಗಳ ಮೇಷ್ಟ್ರು. ಸೂಜಿ ಹಾಕಿದ ಮೇಲೆ ಅವರ ಬಲಗೈ ಎದ್ದಿರಲಿಲ್ಲ. ಹೀಗೂ ಆಗುವುದುಂಟು ಎಂದು ಎಲ್ಲರೂ ಅಂದಿದ್ದರು, ಅವಳೂ. ಅವರ ಹೆಂಡತಿ ಇದೇ ಬಾಗಿಲಲ್ಲಿ ನಿಂತು ಪರದೆ ನೋಡಿ, "ಎಷ್ಟು ಚೆನ್ನಾಗಿ ಕಾಣತ್ತಲ್ಲಮ್ಮ ಎಲ್ಲ!" ಎಂದಿದ್ದರು. ಮೇಷ್ಟ್ರಿಗೂ ಅವಳು ಬಾಣ ಎಳೆದದ್ದು ಸುತ್ತುವ ಚಿತ್ರವೊಂದನ್ನೇ ನೋಡಿ.

"ಗೆದ್ರಿ ಬಿಡಿ. ಕಾಫಿಗೆ ಬರ್ತೀರಾ?" ಸೋಡಾಬುಡ್ಡಿ ಕೇಳಿದ.

"ನೀವು ಹೋಗಿ. ಬರ್ತೀನಿ."

ಅವನು ಹೋಗುವವರೆಗೆ ಕಾದಳು. ಒಂದು ವರ್ಷದ ಬಾಣಗಳನ್ನೆಲ್ಲ ತೆರೆಯಬೇಕು, ಮೊದಲು ಮೇಷ್ಟ್ರದು. ಏನು ಕಂಡರೂ ಬರೆದು, ಸಹಿ ಹಾಕಿ, ಇವತ್ತೇ ಡಾಕ್ಟರಮ್ಮನ ಕೈಗೆ ಕೊಡಬೇಕು. ಮೇಷ್ಟ್ರ ರೋಗಿ ನಂಬರನ್ನು ಒತ್ತಿ, ಪದರದ ಚಿತ್ರಗಳನ್ನು ತೆರೆದಳು.