ಬಣ್ಣದಡಿಯ ಬರಹ

ಅಣವೀರಪ್ಪನ ಫೋನು ಬಂದಾಗ ನಾನು ಹಾಸಿಗೆ ಹಿಡಿದು ಹತ್ತೊಂಬತ್ತು ದಿನವಾಗಿತ್ತು. ಜ್ವರವಲ್ಲ, ನೆಗಡಿಯಲ್ಲ. ಡಾಕ್ಟರು ಇದಕ್ಕೆ ಖಿನ್ನತೆ ಅನ್ನುತ್ತಾರೆ. ನನಗಾದರೆ ಎದೆಯ ಮೇಲೆ ಒದ್ದೆ ಮರಳಿನ ಚೀಲ ಇಟ್ಟ ಹಾಗೆ.

"ಏನೋ ಅಲ್ಲಾಬಕ್ಷ, ಎಂಥಾ ವೆಬ್‌ಸೈಟ್ ಮಾಡಿ ಕೊಟ್ಟೀಯೋ? ರೂಮ್ ಬುಕ್ ಮಾಡೋ ಫಾರ್ಮಿನಾಗ ಒಬ್ಬಾಕಿ ನಿನಗ ಪತ್ರ ಬರದಾಳ!"

"ನನಗ್ಯಾಕ ಬರೀತಾಳ? ತಲಿ ನೆಟ್ಟಗೈತಿಲ್ಲೋ ನಿಂದು?" ಎಂದು ರೇಗಿದೆ.

"ಫೋಟೋ ಕಳಸೀನಿ, ನೀನ ನೋಡು. ಮೊದ್ಲ ಕಣ್ಣು ತಿಕ್ಕೋ."

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಅಣವೀರಪ್ಪನ ಲಾಡ್ಜ್ ಇದೆ. ಅದರ ಬೋರ್ಡು ಬರೆದವನು ನಾನೇ. ಸಿಂದಗಿ ಕಡೆಯ ಹಳ್ಳಿಸಾಲೆಯಲ್ಲಿ ಏಳನೆಯ ಇಯತ್ತೆ ಓದಿ ಬಂದವನು, ಈ ಊರಲ್ಲಿ ಇಪ್ಪತ್ತು ವರ್ಷ ಬೋರ್ಡು ಬರೆದೆ. ಫ್ಲೆಕ್ಸ್ ಬಂದು ನನ್ನ ಕುಂಚ ಒಣಗಿತು. ನಲವತ್ತೆರಡನೆಯ ವಯಸ್ಸಿಗೆ ವಡಾಲದ ಒಂದು ಕ್ಲಾಸಿನಲ್ಲಿ, ಮೀಸೆ ಮೂಡದ ಹುಡುಗರ ನಡುವೆ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಅದೂ ಬೋರ್ಡೇ, ಗಾಜಿನ ಮೇಲಿನ ಬೋರ್ಡು ಅಂದುಕೊಂಡೆ.

ಬೋರ್ಡು ಬರೆಯಲು ಕಲಿಸಿದ ನನ್ನ ಉಸ್ತಾದರಿಗೆ ಒಂದು ರೂಢಿಯಿತ್ತು. ತಗಡಿಗೆ ಮೊದಲ ಕೋಟ್ ಹೊಡೆಯುವ ಮುಂಚೆ ಪೆನ್ಸಿಲಿನಿಂದ ಹೆಸರು, ತಾರೀಕು, ಮನಸ್ಸಿಗೆ ಬಂದ ಒಂದು ಮಾತು ಬರೆಯುವರು. ಮೇಲೆ ಬಣ್ಣ ಬಿದ್ದರೆ ಮುಗಿಯಿತು, ಅದು ತಗಡಿಗೂ ಬರೆದವನಿಗೂ ಮಾತ್ರ ಗೊತ್ತು. ಕೋಡಿನ ನಡುವೆ ಕಾಮೆಂಟ್ ಎಂದು ಗುರುತು ಹಾಕಿ ಏನು ಬರೆದರೂ ಪೇಜಿನ ಮೇಲೆ ಕಾಣುವುದಿಲ್ಲ ಎಂದು ಕ್ಲಾಸಿನ ಮಾಸ್ತರರು ಹೇಳಿದಾಗ ನನಗೆ ಆ ಪೆನ್ಸಿಲ್ಲೇ ನೆನಪಾಯಿತು. ಅಣವೀರಪ್ಪನಿಗೆ ಮಾಡಿಕೊಟ್ಟ ಲಾಡ್ಜಿನ ಪೇಜಿಗೆ ಏನಾದರೂ ನೆಪ ಮಾಡಿ ಕೈಹಾಕುತ್ತಿದ್ದೆ. ಪ್ರತಿ ಸಲ ಕನ್ನಡದಲ್ಲಿ ಒಂದು ಸಾಲು ಸೇರಿಸುತ್ತಿದ್ದೆ.

'ಇವತ್ತು ಹಲ್ಲುಜ್ಜಲಿಲ್ಲ.' 'ನಜ್ಮಾಳ ಮೇಲೆ ಸುಮ್ಮನೆ ಕೂಗಾಡಿದೆ.' 'ಗುಳಿಗೆಯ ಮೂರನೆಯ ವಾರ. ಚಹಾದ ರುಚಿ ಗೊತ್ತಾಯಿತು.'

ಹೆಂಡತಿ ನಜ್ಮಾಳಿಗೂ ಹೇಳದ್ದನ್ನು ಅಲ್ಲಿ ಹೇಳಿದೆ. ಒಂದು ತಿಂಗಳ ಹಿಂದಿನ ಕೊನೆಯ ಸಾಲು ಇದು: 'ಗುಳಿಗೆ ಬಿಟ್ಟೆ. ಆರಾಮಿದ್ದೇನೆ. ಡಾಕ್ಟರರ ಮಾತೆಲ್ಲ ಬೊಗಳೆ.'

ಅಣವೀರಪ್ಪ ಕಳಿಸಿದ ಫೋಟೋ ತೆರೆದೆ. ಹೆಸರಿನ ಜಾಗದಲ್ಲಿ ವೈಶಾಲಿ. ಮೊಬೈಲ್ ಜಾಗದಲ್ಲಿ ಹತ್ತು ಸೊನ್ನೆ. ಕೆಳಗೆ:

'ಕಾಕಾ, ನಾನು ವಿಕ್ರೋಳಿ ಆಫೀಸಿನಾಗ ವೆಬ್‌ಸೈಟ್ ಟೆಸ್ಟಿಂಗ್ ಮಾಡ್ತೀನಿ. ನೆಂಟರಿಗೆ ರೂಮ್ ಹುಡುಕೋವಾಗ ನಿಮ್ಮ ಪೇಜಿನ ಕೋಡ್ ತೆರದೆ, ಹಂಗ ತೆರದು ನೋಡೋ ಆದತ್ ಅದ ನನಗ. ಅಜ್ಜಿ ಕಲಿಸಿದ ಕನ್ನಡ, ಹಳೂಹಳೂ ಓದಿದೆ. ನನಗೂ ಅದೇ ಬಿಮಾರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ. ದಿನಾ ಲಂಚ್ ಟೈಮಿಗೆ ಹೊಸಾ ಲೈನ್ ಬಂದದೇನು ನೋಡ್ತಿದ್ದೆ. ನೀವು ಗುಳಿಗಿ ಬಿಟ್ರಿ, ನಾನೂ ಬಿಟ್ಟೆ. ಈಗ ಬಹಳ ತ್ರಾಸ್ ಆಗ್ಲಿಕತ್ತದ. ತಿಂಗಳಾತು ನೀವು ಏನೂ ಬರದಿಲ್ಲ. ಇದ್ದೀರಿ, ಹೌದಲ್ಲ?'

ಎದ್ದು ಕೂತೆ. ಲ್ಯಾಪ್‌ಟಾಪ್ ಎಳೆದುಕೊಂಡೆ. ಕೋಡ್ ತೋರಿಸುವ ಗುಂಡಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರ ಪೇಜು ಬಿಚ್ಚಿ ನೋಡಲು ನಾನೇ ಅದನ್ನು ಒತ್ತುತ್ತಿದ್ದೆ. ನನ್ನ ಪೇಜೂ ಹಾಗೆಯೇ ಬಿಚ್ಚಿಕೊಳ್ಳುತ್ತದೆ ಎಂಬುದು ಈ ಮೊದ್ದು ತಲೆಗೆ ಹೋಗಿರಲಿಲ್ಲ. ಒತ್ತಿದೆ. ನನ್ನ ಸಾಲುಗಳೆಲ್ಲ ಹಸಿರು ಅಕ್ಷರದಲ್ಲಿ ಎದುರಿಗೆ ನಿಂತವು.

ನಾನು ಬರೆದ ಒಂದು ಬೋರ್ಡಿನ ಬಣ್ಣವನ್ನೂ ಯಾರೂ ಕೆರೆದು ನೋಡಿರಲಿಲ್ಲ. ಇಲ್ಲಿ ಬಣ್ಣವೇ ಇರಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ಬಿದ್ದಿದ್ದಾಗಲೂ ಈ ಸಾಲುಗಳು ಎಚ್ಚರವಿದ್ದು ಕರೆದವರ ಹತ್ತಿರ ಹೋಗುತ್ತಿದ್ದವು. ವಿಕ್ರೋಳಿಯಲ್ಲಿ ಒಬ್ಬ ಹುಡುಗಿ ಊಟದ ಡಬ್ಬಿ ಪಕ್ಕಕ್ಕಿಟ್ಟು, ನಾನು ಹಲ್ಲುಜ್ಜದ ದಿನವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ್ದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ನನ್ನ ಸುದ್ದಿಗೆ ಕಾಯುವವರೊಬ್ಬರಿದ್ದರು.

ಆಮೇಲೆ ಹೆದರಿಕೆಯಾಯಿತು. ನನ್ನ ಸುಳ್ಳನ್ನು ನಂಬಿ ಆಕೆ ಔಷಧ ಬಿಟ್ಟಿದ್ದಳು. ಫೋನ್ ನಂಬರಿಲ್ಲ, ವಿಳಾಸವಿಲ್ಲ. ಉತ್ತರ ಕೊಡಲು ಇದ್ದದ್ದು ಒಂದೇ ದಾರಿ. ಕಾಮೆಂಟಿನ ಗುರುತು ಹಾಕಿ ಬರೆದೆ:

'ವೈಶಾಲಿ, ಇದ್ದೇನೆ. ಆರಾಮಿದ್ದೇನೆ ಅಂದದ್ದು ಸುಳ್ಳು. ಗುಳಿಗೆ ಬಿಟ್ಟು ಮಲಗಿದವನು ಇನ್ನೂ ಎದ್ದಿಲ್ಲ. ನನ್ನ ಮಾತು ಕೇಳಿ ಬಿಡಲಿಕ್ಕೆ ನಾನೇನು ಡಾಕ್ಟರನೇ, ಹುಚ್ಚಿ? ಈಗಲೇ ಆಸ್ಪತ್ರೆಗೆ ಹೊರಟೆ. ನೀನೂ ನಿನ್ನ ಡಾಕ್ಟರ ಹತ್ತಿರ ಹೊರಡು. ಮನೆಯಲ್ಲಿ ಒಬ್ಬರಿಗಾದರೂ ಹೇಳು.' ಕೆಳಗೆ ನನ್ನ ಫೋನ್ ನಂಬರು ಹಾಕಿದೆ.

ಆಕೆಗೆ ಹೇಳು ಎಂದ ಮೇಲೆ ನಾನು ಹೇಳದೆ ಇರುವಂತಿರಲಿಲ್ಲ. ಅಡಿಗೆ ಕಟ್ಟೆಯ ಹತ್ತಿರ ಹೋದೆ.

"ನಜ್ಮಾ, ಗುಳಿಗಿ ಬಿಟ್ಟು ತಿಂಗಳಾತು."

"ಮಾಲೂಮ್ ಜೀ," ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಪಾಕೀಟು ನಾ ದಿನಾ ನೋಡ್ತೀನಿ. ಕೇಳಿದ್ರ ಮೈಮ್ಯಾಲ ಬರ್ತೀರಿ, ಅದಕ್ಕ ಸುಮ್ಕಿದ್ದೆ. ಪೈಲೇ ಸ್ನಾನ ಮಾಡ್ರಿ. ಇಲ್ಲಾಂದ್ರ ಡಾಕ್ಟರ್ ಮೂಗು ಮುಚ್ಕೋತಾನ."

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಸರತಿಗಾಗಿ ಕೂತಿದ್ದಾಗ ಅಣವೀರಪ್ಪನ ಇನ್ನೊಂದು ಫೋಟೋ ಬಂತು. 'ಇದು ಲಾಡ್ಜೋ ಪೋಸ್ಟ್ ಆಫೀಸೋ?' ಎಂದು ಮೇಲೆ ಬರೆದಿದ್ದ. ವೈಶಾಲಿಯ ಸುದ್ದಿಯನ್ನು ದಾರಿಯಲ್ಲೇ ಹೇಳಿದ್ದೆ, ಆದರೆ ನಜ್ಮಾಳಿಗೆ ಕನ್ನಡ ಓದಲು ಬಾರದು. "ಏನೈತಿ, ಜೋರಾಗಿ ಓದ್ರಿ," ಎಂದಳು.

'ಕಾಕಾ, ಫೋನ್ ಮಾಡ್ಲಿಕ್ಕೆ ನಾಚಿಗಿ ಬಂತು, ಅದಕ್ಕ ಇಲ್ಲೇ ಬರದೀನಿ. ಅಣ್ಣನಿಗೆ ಹೇಳಿದೆ. ಅವನ ಸಂಗಾಟ ಡಾಕ್ಟರ್ ಕಡೆ ಹೊಂಟೀನಿ. ಹುಚ್ಚಿ ಅಂದಿದ್ದಕ್ಕ ಭಾಳ ಸಿಟ್ಟು ಬಂತು ನಿಮ್ಮ ಮ್ಯಾಲ. ಇಷ್ಟು ದಿನ ಏನೂ ಅನಸ್ತಿರಲಿಲ್ಲ ನನಗ. ಸಿಟ್ಟು ಬಂದಿದ್ದು ಚಲೋ ಅನಸ್ತು.'

"ಆ ಹುಡುಗಿಗೂ ಬೈದೀರಿ?" ಎಂದು ನಜ್ಮಾ ನನ್ನ ತೋಳಿಗೆ ತಿವಿದಳು.

ಒಳಗಿನಿಂದ ನನ್ನ ಹೆಸರು ಕೂಗಿದರು. ಎದ್ದೆ.