ಎಡಕ್ಕೆ ವಾಲಿದ ಮುದ್ರೆ

ಒಂಬತ್ತು ವರ್ಷ, ತಿಂಗಳಿಗೊಂದು ಭಾನುವಾರ, ಜಪಾನಿನ ಕುನಿಸಾಕಿ ಬೆಟ್ಟದ ಗುಡಿಗಳಿಗೆಂದು ಗಿಚಿರೊ ಮನೆಯಿಂದ ಹೊರಡುತ್ತಿದ್ದ. ಸಾಕ್ಷಿಗೆ ಮುದ್ರೆಪುಸ್ತಕವಿತ್ತು: ದರ್ಶನ ಮುಗಿಸಿದವರಿಗೆ ಗುರುಗಳು ಕುಂಚದಲ್ಲಿ ಬರೆದು, ಕೆಂಪು ಮುದ್ರೆಯೊತ್ತಿ ಕೊಡುವ ಪುಸ್ತಕ. ನಾಳೆಗೆ ಅವನು ಸತ್ತು ನಲವತ್ತೊಂಬತ್ತನೆಯ ದಿನ. ಅಸ್ಥಿಯ ಜೊತೆ ಅದನ್ನೂ ಸಮಾಧಿಯಲ್ಲಿಡಬೇಕು. ಆದರೆ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದ ಹೆಂಡತಿ ಯಾಸುಯೊಳ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು: ಐದು ಬೇರೆ ಬೇರೆ ವಿಹಾರಗಳ ಬರಹ ಒಂದೇ ಕೈಯದು. ಸುಳ್ಳು ಪುಸ್ತಕವನ್ನು ಆಕೆ ಸಮಾಧಿಯಲ್ಲಿ ಇಡುವವಳಲ್ಲ.

"ಸತ್ತವನ ಮೇಲೆ ಪತ್ತೇದಾರಿಕೆನಾ ಅತ್ತಿಗೆ?" ಬೆಟ್ಟದತ್ತ ಕಾರು ಓಡಿಸುತ್ತಿದ್ದ ನಾದಿನಿ ಮಿಸಾವೊ ಕೆಣಕಿದಳು.

"ಬದುಕಿದ್ದಾಗ ಪುರುಸೊತ್ತು ಸಿಗಲಿಲ್ಲ. ನೀನು ರಸ್ತೆ ನೋಡೇ."

ಮೊದಲ ವಿಹಾರದ ಕಲ್ಲಿನ ದ್ವಾರಪಾಲಕರ ಬುಡದಲ್ಲಿ ಗುರುಗಳು ಕಳೆ ಕೀಳುತ್ತಿದ್ದರು. ಪುಸ್ತಕ ತಿರುವಿ ನಕ್ಕರು. "ಐದೂ ನನ್ನ ಅಕ್ಷರವೇ ಅಮ್ಮ. ಉಳಿದ ನಾಲ್ಕು ಕಡೆ ಗುರುಗಳೇ ಇಲ್ಲ. ಫೋನ್ ಮಾಡಿದ್ರೆ ನಾನೇ ಹೋಗ್ತೀನಿ."

"ಹಾಗಾದ್ರೆ ಐದನ್ನೂ ಇಲ್ಲೇ ಕೂತು ಬರೆದುಕೊಡಬಹುದಲ್ಲ?"

"ಹಾಗೆ ಕೇಳಿದವರೂ ಇದ್ದಾರೆ."

"ಇವರು ಕೇಳಿದ್ರಾ?" ಯಾಸುಯೊ ಗಂಡನ ಫೋಟೊ ಹಿಡಿದಳು.

"ನನಗೆ ಮುಖಗಳು ನೆನಪಿರಲ್ಲ ಅಮ್ಮ. ಆದ್ರೆ ಕೊನೆಯ ಹಾಳೆಗಳು ನನ್ನವಲ್ಲ, ಮೇಲಿನ ಶಿಂಟೊ ಗುಡಿಯವು. ಅಲ್ಲಿ ಯಾರೂ ಇರಲ್ಲ, ಮುದ್ರೆ ಬಂದವರೇ ಒತ್ಕೋಬೇಕು."

ಯಾಸುಯೊ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದಳು: ಇನ್ನೂರ ಹನ್ನೆರಡು. ಗುಡಿಯ ಕಂಬಕ್ಕೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಸರಪಳಿ, ಸರಪಳಿಗೆ ಮುದ್ರೆ. ಎಳೆದು ನೋಡಿದಳು, ಒಂದೂವರೆ ಗೇಣಿನಾಚೆ ಬರಲಿಲ್ಲ. ಪುಸ್ತಕ ಬಿಡಿಸಿದಳು. ಹದಿನಾಲ್ಕು ಕೆಂಪು ಗುರುತುಗಳು, ಹದಿನಾಲ್ಕೂ ಎಡಕ್ಕೆ ವಾಲಿದ್ದವು. ಮನೆಗೆ ಬಂದ ಪ್ರತಿ ನೋಂದಾಯಿತ ಅಂಚೆಯ ರಸೀದಿಯ ಮೇಲೂ, ಸಹಿಯ ಬದಲು ಒತ್ತುವ ಗಿಚಿರೊನ ಮೊಹರು ಹೀಗೆಯೇ ವಾಲುತ್ತಿತ್ತು. 'ಒಂದು ಮೊಹರು ನೆಟ್ಟಗೆ ಒತ್ತೋಕೆ ಬರಲ್ವಾ?' ಎಂದು ಆಕೆ ಬೈಯದ ದಿನವಿರಲಿಲ್ಲ.

"ಈಗಾದ್ರೂ ನಂಬಿದ್ರಾ?" ಏದುಸಿರು ಬಿಡುತ್ತ ಬಂದ ಮಿಸಾವೊ ಕೇಳಿದಳು.

"ಬಂದಿದ್ದು ನಿಜ. ನಾಳೆ ಪುಸ್ತಕ ಅವರ ಜೊತೆಗೇ ಹೋಗಲಿ."

ಯಾಸುಯೊ ಅದನ್ನು ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಅವಳ ಕೈ ನಿಂತಿತು.

"ಅಲ್ವೇ ಮಿಸಾವೊ, ಮನೆ ಅಟ್ಟ ಹತ್ತಿ ಅಂದ್ರೆ ಮಂಡಿನೋವು ಅಂತಿದ್ದವರು. ಇಷ್ಟು ಮೆಟ್ಟಿಲು, ಹದಿನಾಲ್ಕು ಸಲ. ನನಗೆ ಹೇಳದೆ ಅಂಥದ್ದೇನು ಬೇಡಿಕೊಂಡ್ರು?"

"ನನ್ನನ್ಯಾಕೆ ಕೇಳ್ತೀರಿ? ದೇವರನ್ನ ಕೇಳಿ."

ಯಾಸುಯೊ ಗುಡಿಯತ್ತ ತಿರುಗಿದಳು. ಶಿಂಟೊ ಪದ್ಧತಿಯಂತೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿದಳು. ಏನನ್ನೂ ಬೇಡಲಿಲ್ಲ, ಒಳಗಿನ ಕತ್ತಲೆಯನ್ನು ದಿಟ್ಟಿಸಿ, ಉತ್ತರಕ್ಕೆ ಕಾಯುತ್ತ ನಿಂತಳು.